ಹವಳದ ವಾಸನೆಯ ಮೀನು

ಕೇಳುಗರಿಗೆ ನಮಸ್ಕಾರ.

ಕಡಲಲ್ಲಿ ಫೈಲ್‌ಫಿಶ್ ಎಂಬ ಮೀನುಗಳ ಕುಲವೊಂದಿದೆ. ಫೈಲ್ ಅಂದ ಕೂಡಲೇ ಕಚೇರಿಯ ಕಡತ ನೆನಪಾದರೆ ತಪ್ಪು ನಿಮ್ಮದಲ್ಲ. ಇದು ಕಮ್ಮಾರನ ಅರ. ಮೈತುಂಬ ನವಿರಾದ ಮುಳ್ಳಿನ ಹುರುಪೆ, ಸವರಿದರೆ ಮರಳು ಕಾಗದವೇ. ಹಾಗಾಗಿ ನಾನು ಅರಮೀನು ಅಂತಲೇ ಕರೆಯುತ್ತೇನೆ. ಮಲ್ಪೆಯ ಧಕ್ಕೆಯಲ್ಲಿ 'ಕಾರ್ಗಿಲ್' ಅನ್ನುವ ಕಪ್ಪು ಮೀನನ್ನು ನೋಡಿದ್ದೀರಲ್ಲ, ಅದು ಇವುಗಳ ದಾಯಾದಿ.

ಈ ಕುಲದಲ್ಲಿ ನನ್ನ ಮೆಚ್ಚಿನದು ಕಿತ್ತಳೆ ಚುಕ್ಕೆಯ ಅರಮೀನು. ಶಾಸ್ತ್ರೀಯ ಹೆಸರು ಆಕ್ಸಿಮೊನಕ್ಯಾಂಥಸ್ ಲಾಂಗಿರೋಸ್ಟ್ರಿಸ್. ಹೇಳಿ ಮುಗಿಸುವಷ್ಟರಲ್ಲಿ ಮೀನು ಕೊಂಬೆಯ ಹಿಂದೆ ಸರಿದಿರುತ್ತದೆ!

ರೇಡಿಯೋದಲ್ಲಿ ಬಣ್ಣ ತೋರಿಸುವುದು ಕಷ್ಟ, ಆದರೂ ನೋಡೋಣ. ಉದ್ದ ಹೆಚ್ಚೆಂದರೆ 12 ಸೆಂಟಿಮೀಟರ್, ಅರ್ಧ ಗೇಣಿನ ಆಸುಪಾಸು. ಎರಡೂ ಪಕ್ಕದಿಂದ ಅದುಮಿದಂಥ ಚಪ್ಪಟೆ ಮೈ. ನೀಲಿ ಬೆರೆತ ಹಸಿರಿನ ಮೇಲೆ ಸಾಲುಸಾಲಾಗಿ ಕಿತ್ತಳೆ ಬೊಟ್ಟು, ಬಾಲದ ರೆಕ್ಕೆಯಲ್ಲಿ ಒಂದು ಕಪ್ಪು ಮಚ್ಚೆ, ನೆತ್ತಿಯ ಮೇಲೆ ಬೇಕೆಂದಾಗ ಎತ್ತಿ ನಿಲ್ಲಿಸುವ ಮುಳ್ಳು. ಮೂತಿಯಂತೂ ಅಕ್ಕಸಾಲಿಗನ ಚಿಮಟ.

ಆ ಚಿಮಟ ಇರುವುದೇ ಹವಳದ ಪಾಲಿಪ್‌ಗಳನ್ನು, ಅಂದರೆ ಹವಳವನ್ನು ಕಟ್ಟುವ ಪುಟಾಣಿ ಜೀವಿಗಳನ್ನು, ಒಂದೊಂದಾಗಿ ಹೆಕ್ಕುವುದಕ್ಕೆ. ಪೂರ್ವ ಆಫ್ರಿಕಾದಿಂದ ಮಾಲ್ಡೀವ್ಸ್ ದಾಟಿ ಸಮೋವಾದವರೆಗೆ, ಬಡಗಲಲ್ಲಿ ಜಪಾನಿನ ರ್ಯುಕ್ಯು ದ್ವೀಪಗಳಿಂದ ತೆಂಕಲಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ವರೆಗೆ ಇದರ ವಾಸ. ನಕ್ಷೆ ನೋಡಿದರೆ ಅರ್ಧ ಭೂಗೋಳವೇ ಇದರದ್ದು ಅನಿಸುತ್ತದೆ. ನಿಜಕ್ಕೂ ಇದರ ಜಗತ್ತು ಸುಮಾರು 30 ಮೀಟರ್ ಆಳದೊಳಗಿನ, ಕವಲೊಡೆದ ಅಕ್ರೊಪೊರಾ ಹವಳದ ಪೊದೆ. ಗಂಡು ಹೆಣ್ಣು ಜೋಡಿಯಾಗಿ ಅದರ ಸಂದುಗಳಲ್ಲಿ ತಲೆಕೆಳಗಾಗಿ ತೇಲುತ್ತವೆ. ದೂರದಿಂದ ಅವೂ ಒಂದು ಕವಲೇ.

ವೇಷ ಬಣ್ಣಕ್ಕೆ ಮುಗಿಯುವುದಿಲ್ಲ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿಜ್ಞಾನಿಗಳು ಈ ಮೀನುಗಳಿಗೆ ಬೇರೆಬೇರೆ ಹವಳ ತಿನ್ನಿಸಿ ನೋಡಿದರು. ತಿಂದ ಹವಳದ ವಾಸನೆಯೇ ಮೀನಿನ ಮೈಗೂ ಬಂತು. ಎಷ್ಟರಮಟ್ಟಿಗೆ ಅಂದರೆ, ಹವಳದಲ್ಲೇ ಮನೆ ಮಾಡಿಕೊಂಡ ಏಡಿಗಳು ತಮ್ಮ ಮನೆಯೆಂದು ಮೀನಿನ ವಾಸನೆಯ ಕಡೆಗೆ ನಡೆದವು. ಬೇಟೆಗಾರ ಮೀನಿನ ಮುಂದೆ, ತಾನು ತಿಂದ ಹವಳದಲ್ಲೇ ಅಡಗಿದ ಅರಮೀನನ್ನಿಟ್ಟರೆ ಆ ಬೇಟೆಗಾರನ ಓಡಾಟ ತಗ್ಗಿತು. ಮೂಗಿಗೇ ಮಂಕುಬೂದಿ!

ಇಷ್ಟೊಂದು ಅಂಟಿಕೊಂಡ ಮೇಲೆ ಬಿಟ್ಟಿರುವುದು ಹೇಗೆ? 1998ರಲ್ಲಿ ಸಮುದ್ರ ಬಿಸಿಯೇರಿ ಓಕಿನಾವಾದ ಸೆಸೊಕೊ ದ್ವೀಪದ ಹವಳ ಬಿಳಿಚಿ ಸತ್ತಾಗ ಇವುಗಳ ಸಂಖ್ಯೆಯೂ ಬಲುಬೇಗ ಕುಸಿಯಿತು. ಚೆಂದಕ್ಕೆ ಮರುಳಾಗಿ ಗಾಜಿನ ತೊಟ್ಟಿಗೆ ತಂದುಬಿಟ್ಟವರಿಗೂ ಅನುಭವವಿದೆ: ಹವಳವಿಲ್ಲದ ತೊಟ್ಟಿಯಲ್ಲಿ ಬೇರೆ ಮೇವು ಹಾಕಿದರೆ ಬಹುಪಾಲು ಮೀನು ಮೂಸಿಯೂ ನೋಡುವುದಿಲ್ಲ, ಸೊರಗುತ್ತಾ ಹೋಗುತ್ತದೆ.

ನಮಸ್ಕಾರ.