ಸರ್ವಜ್ಞನ ಧಾಟಿಯ ಉಪ್ಪಿಟ್ಟು, ಮನೋರಮೆಯ ಒಗ್ಗರಣೆ

ನಮಸ್ಕಾರ. ಇವತ್ತು ಒಲೆ ಮೇಲೆ ಬನ್ಸಿ ರವೆ ಉಪ್ಪಿಟ್ಟು, ರೆಸಿಪಿ ಮಾತ್ರ ಹಳೇ ಕವಿಗಳ ಧಾಟಿಯಲ್ಲಿ. ಪದ್ಯದಲ್ಲಿ ಅಡುಗೆ ಹೇಳೋದು ಕನ್ನಡಕ್ಕೆ ಹೊಸದೇನಲ್ಲ. 16ನೇ ಶತಮಾನದಲ್ಲೇ ಮೂರನೆಯ ಮಂಗರಸ ವಾರ್ಧಕ ಷಟ್ಪದಿ ಅನ್ನೋ ಆರು ಸಾಲಿನ ಪದ್ಯದಲ್ಲಿ 'ಸೂಪಶಾಸ್ತ್ರ' ಬರೆದಿದ್ದಾನೆ. ಅವನದು ನಿಜವಾದ ಪಾಕಶಾಸ್ತ್ರ, ನಮ್ಮದು ನಗಿಸೋಕೆ. ಆದರೂ ಒಂದು ನಿಯಮ ಇದೆ: ಪದ್ಯ ನೋಡ್ಕೊಂಡು ಅಡುಗೆ ಮಾಡಿದವರಿಗೆ ಉಪ್ಪಿಟ್ಟು ಸಿಗಲೇಬೇಕು. ಅಳತೆ ತಪ್ಪಿದ್ರೆ ಅಣಕ ಎಷ್ಟೇ ಚೆನ್ನಾಗಿದ್ರೂ ಕೆಲಸಕ್ಕೆ ಬರಲ್ಲ.

ಮೊದಲು ಸಾಮಾನು. ರವೆ 1 ಲೋಟ, ನೀರು 3 ಲೋಟ, ಎಣ್ಣೆ 3 ಚಮಚ. ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ ಒಂದೊಂದು ಚಮಚ. ಹಸಿಮೆಣಸಿನಕಾಯಿ 4, ಈರುಳ್ಳಿ 1, ಒಂದೆಸಳು ಕರಿಬೇವು. ಸಣ್ಣ ರವೆ ಆದ್ರೆ ನೀರು ಎರಡೂವರೆ ಲೋಟ ಸಾಕು.

ಈಗ ತ್ರಿಪದಿ, ಅಂದ್ರೆ ಸರ್ವಜ್ಞನ ಮೂರು ಸಾಲಿನ ಪದ್ಯ. ಸಾಲಿನ ಕೊನೆಗೆ 'ಸರ್ವಜ್ಞ' ಅಂಟಿಸಿಬಿಟ್ರೆ ಆಯ್ತು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಅಲ್ಲೇ ಕೆಡೋದು. ತ್ರಿಪದಿಗೆ 11 ಗಣ, ಅಂದ್ರೆ ಅಕ್ಷರಗಳ ಗುಂಪು, ಸಾಲಿಗೆ ನಾಲ್ಕು, ನಾಲ್ಕು, ಮೂರರಂತೆ. ಮಾತ್ರೆಯಲ್ಲಿ, ಅಂದ್ರೆ ಉಚ್ಚಾರಣೆಯ ಕಾಲ ಎಣಿಸಿ, ಕಟ್ಟೋರು ಆರನೇ ಮತ್ತು ಹತ್ತನೇ ಗಣಕ್ಕೆ 3 ಮಾತ್ರೆ, ಉಳಿದದ್ದಕ್ಕೆಲ್ಲ 5 ಮಾತ್ರೆ ಇಟ್ಕೊಳ್ಳಿ. ಆ ಎರಡು ಗಿಡ್ಡ ಗಣಗಳಲ್ಲೇ ಲಯ ಕುಣಿಯೋದು, ಹಾಗಾಗಿ ನಗು ಬರಿಸೋ ಪದವನ್ನ ಅಲ್ಲೇ ಕೂರಿಸಿ. ಕೇಳಿ, ಇದು ಸರ್ವಜ್ಞನದಲ್ಲ, ಈ ವಿಡಿಯೋಗೆ ಕಟ್ಟಿದ್ದು:

ಹದವಾಗಿ ರವೆ ಹುರಿದು ಕುದಿನೀರಲಿಳಿಸದೊಡೆ
ಉದುರದದು, ಗಂಟು, ಗಂಟೊಳಗೆ ಹಸಿ ರವೆಯು
ಅದಕೇಕೆ ಚಟ್ನಿ ಸರ್ವಜ್ಞ

ಗಂಟು ಆರನೇ ಗಣ, ಚಟ್ನಿ ಹತ್ತನೇದು. ಎರಡಕ್ಕೂ ಮೂರೇ ಮಾತ್ರೆ. ಮೂರೂ ಸಾಲಿನ ಎರಡನೇ ಅಕ್ಷರ ದಕಾರ, ಪ್ರಾಸ ಅಂದ್ರೆ ಅದೇ. ಪ್ರಾಸ ಬಿಟ್ರೆ ಕಿವಿಗೆ ಸರ್ವಜ್ಞ ಅನ್ನಿಸೋದೇ ಇಲ್ಲ.

ಪದ್ಯ ಹೇಳಿದ್ದನ್ನೇ ಬಾಣಲೆಯಲ್ಲಿ ನೋಡಿ. ಒಂದು ಚಮಚ ಎಣ್ಣೆಯಲ್ಲಿ, ಸಣ್ಣ ಉರಿಯಲ್ಲಿ, ರವೆ ಘಮ್ ಅನ್ನೋವರೆಗೆ ಹುರೀಬೇಕು. ಬಣ್ಣ ಕೆಂಪಾಗೋದು ಬೇಡ, ಸೌಟಲ್ಲಿ ಎತ್ತಿದ್ರೆ ಮರಳಿನ ಥರ ಸರ್ರಂತ ಜಾರಬೇಕು. ಹುರಿದ ರವೆ ತೆಗೆದಿಟ್ಟು ಒಗ್ಗರಣೆ ಮಾಡಿ, ನೀರು, ಉಪ್ಪು ಹಾಕಿ. ನೀರು ಕೊತಕೊತ ಕುದಿಯೋವಾಗ ಒಂದು ಕೈಯಲ್ಲಿ ರವೆ ಉದುರಿಸ್ತಾ ಇನ್ನೊಂದು ಕೈಯಲ್ಲಿ ಕಲಸ್ತಾ ಇರಿ. ಒಮ್ಮೆಲೇ ಸುರಿದ್ರೆ ಹೊರಗಿನ ರವೆ ತಕ್ಷಣ ಬೆಂದು ಅಂಟಾಗುತ್ತೆ, ಒಳಗೆ ನೀರು ಹೋಗೋಕೆ ದಾರಿನೇ ಇರಲ್ಲ. ಹಸಿ ರವೆ ಗಂಟಲ್ಲಿ ಸಿಕ್ಕಿಹಾಕ್ಕೊಳ್ಳೋದು ಹೀಗೆ.

ತ್ರಿಪದಿಯಲ್ಲಿ ಅಡುಗೆಯ ಒಂದು ತಪ್ಪು ಹೇಳೋಕಷ್ಟೇ ಜಾಗ ಇರುತ್ತೆ. ಅಳತೆ, ಅನುಮಾನ ಎಲ್ಲಾ ಹೇಳ್ಬೇಕು ಅಂದ್ರೆ ಮುದ್ದಣನ ಹತ್ರ ಹೋಗ್ಬೇಕು. 'ರಾಮಾಶ್ವಮೇಧ'ದಲ್ಲಿ ಮುದ್ದಣ ಕಥೆ ಹೇಳೋವಾಗ ಹೆಂಡತಿ ಮನೋರಮೆ ಮಧ್ಯೆ ಮಧ್ಯೆ ಬಾಯಿ ಹಾಕ್ತಾಳಲ್ಲ, ರೆಸಿಪಿಗೆ ಅದಕ್ಕಿಂತ ಒಳ್ಳೇ ಚೌಕಟ್ಟು ಸಿಗಲ್ಲ. ಅಡುಗೆ ಮಾಡೋರಿಗೆ ಬರೋ ಪ್ರತಿ ಪ್ರಶ್ನೆಯನ್ನೂ ಅವಳ ಬಾಯಲ್ಲಿಡಿ.

"ಒಂದು ಲೋಟ ರವೆಗೆ ನೀರ್ ಎನಿತು?"
"ಮೂರ್ ಲೋಟಂ, ರಮಣೀ."
"ಓವೋ! ಬಾಣಲೆಯೊಳ್ ಕೆರೆಯಂ ಕಟ್ಟುವಿರೇಂ?"
"ಬನ್ಸಿ ರವೆಯ ನೀರಡಿಕೆ ಪಿರಿದು ಗಡಾ!"

ಇಲ್ಲಿ ಹಳಗನ್ನಡ ಉಪ್ಪಿನ ಹಾಗೆ, ಹಿತಮಿತವಾಗಿ ಬೀಳಬೇಕು. ಸಿಕ್ಕ ಸಿಕ್ಕ ಪದಕ್ಕೆಲ್ಲ ಸೊನ್ನೆ ಇಟ್ರೆ ಅದು ಮುದ್ದಣನಿಗೆ ಮಾಡೋ ಅನ್ಯಾಯ. ರವೆಯಂ, ಬಾಣಲೆಯೊಳ್ ಅನ್ನೋ ವಿಭಕ್ತಿಗಳನ್ನ ಸರಿಯಾಗಿಟ್ಟು, 'ಹುರಿ'ಯನ್ನ 'ಪುರಿ' ಮಾಡಿದ್ರೆ ಸಾಕು.

ಈಗ ಉರಿ ಸಣ್ಣ ಮಾಡಿ, ಮುಚ್ಚಳ ಹಾಕಿ 4 ನಿಮಿಷ ಬಿಡಿ. ಒಲೆ ಆರಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ನಿಂಬೆರಸ ಕುದಿದ್ರೆ ಕಹಿ ಬರುತ್ತೆ. ಮೇಲೆ ಒಂದು ಹಿಡಿ ಕಾಯಿತುರಿ, ಒಂದು ಚಮಚ ತುಪ್ಪ.