ಆರಿದ ಸಿಗ್ನಲ್, 14 ಪೌಂಡ್ ದಂಡ

ನಮಸ್ಕಾರ ಎಲ್ಲರಿಗೂ. ಇದು ಡ್ಯಾಶ್‌ಕ್ಯಾಮ್ ವಿಡಿಯೋ, ಮಸುಕಾಗಿದ್ದರೆ ಬೈಯಬೇಡಿ. ಎಂ4 ಮೋಟಾರ್‌ವೇನಲ್ಲಿ ಲಂಡನ್ ಕಡೆಯಿಂದ ವಾಪಸ್ ಬರುತ್ತಿದ್ದೇನೆ. ಯಾವ ಎಕ್ಸಿಟ್ ಅಂತ ಹೇಳಲ್ಲ, ಮನೆ ಹತ್ತಿರ.

ಎಡಗಡೆ ಮೂರು ಗೀಟಿನ ಬೋರ್ಡ್ ಬಂತಲ್ಲ? ಎಕ್ಸಿಟ್‌ಗೆ ಇನ್ನು 300 ಗಜ ಅಂತ. ಕ್ಯೂ ನೋಡಿ, ಅದಕ್ಕಿಂತ ಮೊದಲೇ ಶುರು. ನಾವು ನಿಂತಿದ್ದೇವೆ, ಪಕ್ಕದ ಲೇನ್‌ನಲ್ಲಿ ಗಂಟೆಗೆ 70 ಮೈಲಿ, ಅಂದ್ರೆ 112 ಕಿಲೋಮೀಟರ್‌ನಲ್ಲಿ ಕಾರುಗಳು. ಹಿಂದಿನವರಿಗೆ ಗೊತ್ತಾಗಲಿ ಅಂತ ನಾಲ್ಕೂ ಇಂಡಿಕೇಟರ್ ಹಾಕಿದೆ. ಕನ್ನಡಿ ನೋಡುತ್ತಾ ದೇವರ ಹೆಸರು ಹೇಳುತ್ತಿದ್ದೆ, ಆ ಆಡಿಯೋ ಕಟ್ ಮಾಡಿದ್ದೇನೆ.

ಈಗ ಮೇಲೆ ರೌಂಡ್‌ಅಬೌಟ್ ಕಾಣುತ್ತೆ. ಬಲಗಡೆಯಿಂದ ಬರೋರಿಗೆ ಮೊದಲು ದಾರಿ ಬಿಡಬೇಕು, ಇಲ್ಲಿಯ ನಿಯಮ. ಊರಿನ ಕಡೆಯಿಂದ ಕಾರುಗಳು ಸಾಲಾಗಿ ಬಂದರೆ ನಮಗೆ ಸಂದಿಯೇ ಸಿಗಲ್ಲ. ಅದಕ್ಕೇ ಅಲ್ಲಿ ಸಿಗ್ನಲ್ ಇಟ್ಟಿದ್ದಾರೆ: ಸುತ್ತುವವರನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಮೋಟಾರ್‌ವೇಯಿಂದ ಇಳಿದವರನ್ನು ಬಿಡೋಕೆ. ಆದರೆ ಪಾರ್ಟ್ ಟೈಮ್! ರಶ್ ಹೊತ್ತಿನಲ್ಲಿ ಮಾತ್ರ. ಉಳಿದಂತೆ ಪೂರ್ತಿ ಆರಿರುತ್ತೆ, ನಮ್ಮೂರಿನ ಹಾಗೆ ಹಳದಿ ದೀಪವೂ ಮಿಣುಕಲ್ಲ. ಮೊದಲ ಸಲ ನೋಡಿದಾಗ ಕರೆಂಟ್ ಹೋಗಿದೆ ಅಂದುಕೊಂಡಿದ್ದೆ.

ನಾನು ನೋಡಿರೋ ಹಾಗೆ ಇದು ಹತ್ತೋದು ನಾಲ್ಕು ಗಂಟೆಗೆ. ಇವತ್ತು ಶುಕ್ರವಾರ, ಸೋಮವಾರ ಬ್ಯಾಂಕ್ ಹಾಲಿಡೇ, ಅಂದ್ರೆ ಇಲ್ಲಿಯ ಸಾರ್ವಜನಿಕ ರಜೆ. ಮೂರಕ್ಕೇ ಊರೆಲ್ಲ ರಸ್ತೆಯಲ್ಲಿದೆ, ದೀಪ ಮಾತ್ರ ಮಲಗಿದೆ.

ಮಗಳ ನರ್ಸರಿ ಬಿಡೋದು ಮೂರೂವರೆಗೆ. ತಡವಾದರೆ ನಿಮಿಷಕ್ಕೆ 1 ಪೌಂಡ್. ನಿಮಿಷಕ್ಕೆ! ನಾನು ತಲುಪಿದ್ದು 3.44ಕ್ಕೆ. 14 ಪೌಂಡ್, ಸಾವಿರದೈನೂರು ರೂಪಾಯಿಗೂ ಮೇಲೆ. ಹನ್ನೆರಡು ನಿಮಿಷ ಅಂತ ಹಾಕಿಕೊಳ್ಳಿ ಅಂದೆ. ನರ್ಸರಿಯಾಕೆ ನಗುತ್ತಲೇ ಗೋಡೆ ಗಡಿಯಾರ ತೋರಿಸಿದಳು. ನಮ್ಮೆಜಮಾನರು ಫೋನ್‌ನಲ್ಲಿ "ಬೇಗ ಹೊರಡಬೇಕಿತ್ತು" ಅಂದರು. ಆ ಮಾತಿಗೂ 14 ಪೌಂಡ್ ಹಾಕಬೇಕು. ಅಷ್ಟು ದುಡ್ಡಿಗೆ ಇಲ್ಲಿ ಒಂದು ಮಸಾಲೆ ದೋಸೆ ಬರುತ್ತೆ, ಜೊತೆಗೆ ಫಿಲ್ಟರ್ ಕಾಫಿ. ದೋಸೆಯೂ ಅಷ್ಟಕ್ಕಷ್ಟೇ ಅನ್ನಿ, ಹೊರಗೆ ಕಂದು, ಒಳಗೆ ಹಸಿ... ಅಯ್ಯೋ, ಶಾಟ್ ಮುಗೀತಾ ಇದೆ.

ಹಾಂ, ಟಾರ್ ಮೇಲೆ ಚೌಕದ ಗೀಟು ಕಾಣಿಸ್ತಲ್ಲ? ಅದರೊಳಗೆ ತಂತಿಯ ಸುರುಳಿ ಇರುತ್ತೆ, ಮೇಲೆ ಕಾರು ನಿಂತರೆ ಗೊತ್ತಾಗುತ್ತೆ. ಅಂಥದ್ದನ್ನು ಕ್ಯೂ ಬೆಳೆಯೋ ಜಾಗದಲ್ಲಿ ಹಾಕಿದರೆ ಗಡಿಯಾರ ನೋಡದೆ ಕ್ಯೂ ನೋಡಿಯೇ ಸಿಗ್ನಲ್ ಹತ್ತಿಸಬಹುದು. ಬೆಂಗಳೂರಲ್ಲಾದರೆ ಟ್ರಾಫಿಕ್ ಪೊಲೀಸರು ಪೆಟ್ಟಿಗೆ ತೆಗೆದು ಕೈಯಲ್ಲೇ ಬದಲಾಯಿಸುತ್ತಾರೆ. ಅಲ್ಲಿದ್ದಾಗ ಅದನ್ನೂ ಬೈಯುತ್ತಿದ್ದೆ.

ದಿನವಿಡೀ ಹತ್ತಿಸಿಟ್ಟರೇನು ಅಂತ ಆಗ ಅನ್ನಿಸಿತ್ತು. ಬೇಡ ಬಿಡಿ. ರಾತ್ರಿ ಹನ್ನೊಂದಕ್ಕೆ ಖಾಲಿ ರೌಂಡ್‌ಅಬೌಟ್‌ನಲ್ಲಿ ಸುಮ್ನೆ ಕೆಂಪು ದೀಪ ನೋಡುತ್ತಾ ಕೂರೋ ಕರ್ಮ ಯಾರಿಗೆ ಬೇಕು?

ಇದು ವಾಪಸ್ ಹೋಗುವಾಗಿನ ಶಾಟ್. ಸಮಯ 4.05. ಅದೇ ರೌಂಡ್‌ಅಬೌಟ್, ಈಗ ನಾನು ಊರಿನ ಕಡೆಯಿಂದ ಬಂದು ಸುತ್ತುತ್ತಿದ್ದೇನೆ. ದೀಪ ಹತ್ತಿದೆ. ಕೆಂಪು, ನನಗೇ. ಹಿಂದಿನ ಸೀಟಿನಿಂದ "ಅಮ್ಮಾ, ಸ್ಟಾಪ್!" ಅಂತ ಕೇಳಿಸ್ತಲ್ಲ, ಅದು ನಮ್ಮ ಪುಟ್ಟಿ.