ಆಟದ ಗಮನ ಅಂಗಳಕ್ಕೆ ಬಂತಾ?

(ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ಒಂದು ಗ್ರಂಥಾಲಯದಲ್ಲಿ ಪೋಷಕರ ಮುಂದೆ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಈಗ ಅವಳು ಒಂಬತ್ತು ವರ್ಷದ ಹುಡುಗನ ತಾಯಿ. "ಮಾಸ್ಟ್ರೇ, ಅಮೆರಿಕದಲ್ಲಿ ಗಮನ ನಿಲ್ಲದ ಮಕ್ಕಳಿಗೆ ಡಾಕ್ಟ್ರೇ ವಿಡಿಯೊ ಗೇಮ್ ಬರೆದು ಕೊಡ್ತಾರಂತೆ. ನಮ್ಮವ ಹೇಗೂ ದಿನಕ್ಕೆ ಮೂರು ಗಂಟೆ ಆಡ್ತಾನೆ. ಹಾಗಾದ್ರೆ ಅದೇ ಮದ್ದು ಅಲ್ವಾ?" ಎಂದು ಕೇಳಿದಳು. ಅವತ್ತು ಸರಿಯಾಗಿ ಉತ್ತರಿಸಲು ಆಗಲಿಲ್ಲ. ಇವತ್ತು ಅವಳೂ ಈ ಸಭೆಯಲ್ಲಿ ಇದ್ದಾಳೆ.

ಸುದ್ದಿ ಸುಳ್ಳಲ್ಲ. 2020ರ ಜೂನ್‌ನಲ್ಲಿ ಅಮೆರಿಕದ ಎಫ್‌ಡಿಎ, ಅಂದರೆ ಅಲ್ಲಿ ಮದ್ದುಗಳಿಗೆ ಒಪ್ಪಿಗೆ ಕೊಡುವ ಸರಕಾರಿ ಸಂಸ್ಥೆ, 'ಎಂಡೆವರ್‌ಆರ್‌ಎಕ್ಸ್' ಎಂಬ ಗೇಮಿಗೆ ಒಪ್ಪಿಗೆ ಕೊಟ್ಟಿತು. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ ಇರುವ 8ರಿಂದ 12 ವರ್ಷದ ಮಕ್ಕಳಿಗೆ ಡಾಕ್ಟರ ಚೀಟಿಯ ಮೇಲೆ ಕೊಡಲೆಂದು ಆಗ ಒಪ್ಪಿದ ಗೇಮ್ ಅದು; 2023ರಲ್ಲಿ ಆ ವಯಸ್ಸನ್ನು 17ರವರೆಗೆ ಏರಿಸಿದರು. ಇದರ ಬೇರು ಇರುವುದು ವಯಸ್ಸಾದವರಿಗಾಗಿ ಮಾಡಿದ ಇನ್ನೊಂದು ಆಟದಲ್ಲಿ. ಕ್ಯಾಲಿಫೋರ್ನಿಯಾದ ಆಡಮ್ ಗಜಾಲಿ ಎಂಬ ವಿಜ್ಞಾನಿ 60 ದಾಟಿದ ಅಜ್ಜ ಅಜ್ಜಿಯರ ಕೈಯಲ್ಲಿ ಕಾರು ಓಡಿಸುವ ಆಟ ಆಡಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾರನ್ನು ದಾರಿ ತಪ್ಪದಂತೆ ನಡೆಸಬೇಕು, ನಡುವೆ ಸರಿಯಾದ ಗುರುತು ಕಂಡಾಗ ಮಾತ್ರ ಗುಂಡಿ ಒತ್ತಬೇಕು. ಮಕ್ಕಳ ಗೇಮಿನಲ್ಲೂ ಕೆಲಸ ಅದೇ. ಮಗು ಚೆನ್ನಾಗಿ ಆಡಿದಷ್ಟೂ ಆಟ ಕಷ್ಟವಾಗುತ್ತಾ ಹೋಗುತ್ತದೆ.

ಪರೀಕ್ಷೆಯಲ್ಲಿ ಮಕ್ಕಳು ಆಡಿದ್ದು ದಿನಕ್ಕೆ 25 ನಿಮಿಷ, ವಾರಕ್ಕೆ 5 ದಿನ, ಒಟ್ಟು 4 ವಾರ. ಫೋನಿನಲ್ಲಿ ಗುಂಡು ಹಾರಿಸುವ ಮೂರು ಗಂಟೆಗೂ ಇದಕ್ಕೂ ಸಂಬಂಧ ಇಲ್ಲ ಮಗಳೇ.

ಈಗ ಒಬ್ಬ ಹುಡುಗನ ಕಥೆ ಹೇಳಬೇಕು. ಇಪ್ಪತ್ತೈದು ವರ್ಷದ ಹಿಂದಿನ ಮಾತಿರಬಹುದು. ಐದನೇ ಕ್ಲಾಸಿನವ. ಲೆಕ್ಕ ಹಾಕುತ್ತಾ ಅರ್ಧದಲ್ಲಿ ಎದ್ದು ಕಿಟಕಿಗೆ ಹೋಗುತ್ತಿದ್ದ. ಮನೆಯವರು ತೆಂಗಿನೆಣ್ಣೆಗೆ ಅಂಗಡಿಗೆ ಕಳಿಸಿದರೆ ಬಾಟ್ಲಿಯನ್ನು ಅಲ್ಲೇ ಬಿಟ್ಟು ಬರುತ್ತಿದ್ದ. ಅಡಿಕೆ ಹೆಕ್ಕಲು ಹೋದರೆ ಬುಟ್ಟಿ ತೋಟದಲ್ಲಿ, ಇವ ತೋಡಿನಲ್ಲಿ. ನಾನು ಎಷ್ಟೋ ಸಲ ಅವನನ್ನು ಹೊರಗೆ ನಿಲ್ಲಿಸಿದ್ದೆ. ಆ ವರ್ಷ ನಮ್ಮ ಬಯಲಿನಲ್ಲಿ ಆಟ ಇತ್ತು. ಯಕ್ಷಗಾನ ಎಂದು ಬಿಡಿಸಿ ಹೇಳಬೇಕಾಗಿಲ್ಲ, ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನವರು ನೀವು. ಸಂಜೆ ಚೌಕಿಯಲ್ಲಿ ಬಣ್ಣ ಹಾಕುವಲ್ಲೇ ಇವ ಕೂತಿದ್ದ. ನಡುರಾತ್ರಿ ಮಹಿಷಾಸುರ ದೊಂದಿ ಹಿಡಿದು ಜನರ ನಡುವಿನಿಂದ ಬಂದಾಗ ಮಕ್ಕಳೆಲ್ಲ ಬೊಬ್ಬೆ ಹೊಡೆದು ಅಮ್ಮಂದಿರ ಮಡಿಲಿಗೆ ಓಡಿದರು. ಇವ ಅಲುಗಲಿಲ್ಲ. ಅವನ ಕಣ್ಣು ಚೆಂಡೆಯವರ ಕೈ ಮೇಲೆ. ಬೆಳಗಿನ ಮಂಗಳದವರೆಗೂ ಹಾಗೇ ಕೂತಿದ್ದ. ಸೋಮವಾರ ಕ್ಲಾಸಿನಲ್ಲಿ ಅದೇ ಪೆಟ್ಟನ್ನು ಡೆಸ್ಕಿನ ಮೇಲೆ ತಪ್ಪಿಲ್ಲದೆ ನುಡಿಸಿದ. ನಾನು ಪುನಃ ಹೊರಗೆ ನಿಲ್ಲಿಸಿದೆ. "ರಾತ್ರಿಯಿಡೀ ಕೂತುಕೊಳ್ಳಲಿಕ್ಕೆ ಆಗ್ತದೆ, ಲೆಕ್ಕಕ್ಕೆ ಮಾತ್ರ ಆಗುವುದಿಲ್ಲವಾ?" ಎಂದು ಬೈದೆ.

ಆ ಮಾತು ನನಗೆ ಈಗಲೂ ನೋವು ಕೊಡುತ್ತದೆ. ಎಡಿಎಚ್‌ಡಿ ಎಂದರೆ ಗಮನವೇ ಇಲ್ಲ ಎಂದಲ್ಲ. ಬೇಕಾದಾಗ, ಬೇಕಾದ ಕಡೆಗೆ ಅದನ್ನು ತಿರುಗಿಸಲು ಆಗುವುದಿಲ್ಲ. ಇಷ್ಟದ ವಿಷಯ, ಕೂಡಲೇ ಫಲ ಸಿಗುವ ವಿಷಯ ಆದರೆ ಗಂಟೆಗಟ್ಟಲೆ ಅಂಟಿಕೊಳ್ಳುತ್ತಾರೆ. ಗೇಮ್ ಕ್ಷಣಕ್ಷಣಕ್ಕೂ ಫಲ ಕೊಡುತ್ತದೆ. ಹಾಗಾಗಿ 'ಗೇಮಿನಲ್ಲಿ ಕೂರ್ತಾನೆ, ಅವನಿಗೆ ಏನೂ ತೊಂದರೆ ಇಲ್ಲ' ಎನ್ನುವುದೂ ತಪ್ಪು. 'ಗೇಮಿನಲ್ಲಿ ಕೂರ್ತಾನೆ, ಗುಣ ಆಯ್ತು' ಎನ್ನುವುದೂ ತಪ್ಪು.

ನನ್ನ ಪ್ರಶ್ನೆ ಒಂದೇ. ಆಟದ ಗಮನ ಅಂಗಳಕ್ಕೆ ಬಂತಾ?

ಆ ಗೇಮಿನ ಮುಖ್ಯ ಪರೀಕ್ಷೆ 348 ಮಕ್ಕಳ ಮೇಲೆ ನಡೆಯಿತು. ಅರ್ಧದಷ್ಟು ಮಕ್ಕಳಿಗೆ ಈ ಗೇಮ್, ಉಳಿದವರಿಗೆ ಪದ ಜೋಡಿಸುವ ಸಾದಾ ಆಟ. ಕಂಪ್ಯೂಟರಿನಲ್ಲಿ ಗಮನ ಅಳೆಯುವ ಪರೀಕ್ಷೆಯಲ್ಲಿ ಮೊದಲ ಗುಂಪು ನಿಜವಾಗಿ ಮುಂದೆ ಬಂತು. ಅದು ಸಣ್ಣ ವಿಷಯ ಅಲ್ಲ, ನನಗೆ ಅದರಿಂದ ಖುಷಿಯೇ ಆಗಿದೆ. ಆದರೆ ಮನೆಯಲ್ಲಿ ಹೇಗಿದ್ದಾನೆ ಎಂದು ಅಪ್ಪ ಅಮ್ಮಂದಿರು ಕೊಟ್ಟ ಅಂಕದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಪರದೆಯ ಮೇಲೆ ಬಂದದ್ದು ಜಗಲಿ ದಾಟಿ ಅಂಗಳಕ್ಕೆ ಇಳಿಯಲಿಲ್ಲ. ಎಫ್‌ಡಿಎ ಕೂಡ ಇದೊಂದೇ ಸಾಕು ಎಂದು ಹೇಳಿಲ್ಲ. ಮದ್ದು, ತರಬೇತಿ, ಶಾಲೆಯ ಸಹಾಯ ಇವುಗಳ ಜೊತೆಗೆ ಇದೂ ಒಂದು ಎಂದಿದೆ.

ಇನ್ನು ನಮ್ಮ ಊರಿನ ಮಾತು. ಎಡಿಎಚ್‌ಡಿ ಗುರುತಿಸುವ ನಿಯಮದಲ್ಲಿ ಒಂದು ಮುಖ್ಯ ಅಂಶ ಉಂಟು. ಲಕ್ಷಣಗಳು ಕನಿಷ್ಠ ಎರಡು ಕಡೆ ಕಾಣಬೇಕು. ಮನೆಯಲ್ಲೂ, ಶಾಲೆಯಲ್ಲೂ. 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು. ನಮ್ಮ ಮಕ್ಕಳು ಮನೆಯಲ್ಲಿ ತುಳುವೋ ಹವ್ಯಕವೋ ಮಾತಾಡುತ್ತಾರೆ, ಬಸ್ಸಿನಲ್ಲಿ ಮಲಯಾಳ, ಪುಸ್ತಕದಲ್ಲಿ ಕನ್ನಡ. ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡ ಬಾರದ ಮಾಸ್ಟ್ರು ಬಂದರೆ ಮಗು ಏನು ಮಾಡಬೇಕು? ಕಿಟಕಿಯಿಂದ ಹೊರಗೆ ನೋಡುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ. ಆ ಮಗುವಿಗೆ 'ಗಮನ ಇಲ್ಲ' ಎಂದು ಡೈರಿಯಲ್ಲಿ ಬರೆದು ಕಳಿಸುತ್ತಾರೆ! ಮನೆಯಲ್ಲಿ ಕೇಳಿದರೆ ಎಲ್ಲ ಸರಿಯಾಗಿ ಮಾಡುತ್ತದೆ. ಅದಕ್ಕೆ ಬೇಕಾದದ್ದು ಭಾಷೆ ಗೊತ್ತಿರುವ ಮಾಸ್ಟ್ರು. ಕಿವಿ, ಕಣ್ಣು ಕೂಡ ಒಮ್ಮೆ ಪರೀಕ್ಷೆ ಮಾಡಿಸಿ.

ಸಂಘಟಕರ ಚೀಟಿ ಬಂತು, ಇನ್ನು ಐದು ನಿಮಿಷ ಎಂದು ಬರೆದಿದ್ದಾರೆ. ಮಾತ್ರೆಗಳ ಬಗ್ಗೆ ಬಿಡಿಸಿ ಹೇಳಬೇಕಿತ್ತು, ಒಂದೇ ಮಾತು ಹೇಳುತ್ತೇನೆ: ಡಾಕ್ಟರು ಕೊಟ್ಟರೆ ಹೆದರಿ ನಿಲ್ಲಿಸಬೇಡಿ, ಅವರನ್ನೇ ಕೇಳಿ. ನಿದ್ದೆ ಸರಿಯಾಗಿ ಆಗಲಿ, ರಾತ್ರಿ ಫೋನ್ ಬೇಡ. ಗೇಮ್ ಬಿಡಲಾಗದೆ ಊಟ, ಶಾಲೆ ತಪ್ಪುತ್ತಿದ್ದರೆ ಅದು ಬೇರೆಯೇ ತೊಂದರೆ. ಅದಕ್ಕೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 'ಶಟ್' ಎಂಬ ಕ್ಲಿನಿಕ್ ಇದೆ.

ಮಗಳೇ, ನೀನು ಮೊದಲು ಮಗನನ್ನು ಮಕ್ಕಳ ಡಾಕ್ಟರಿಗೆ ತೋರಿಸು. ಹೋಗುವ ಮೊದಲು ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು: ಮನೆಯಲ್ಲಿ ಏನು ಮರೆತ, ಎಷ್ಟು ಹೊತ್ತು ಕೂತ, ಯಾವ ಕೆಲಸದಲ್ಲಿ ಕೂತ. ಕ್ಲಾಸ್ ಟೀಚರ್ ಹತ್ತಿರವೂ ಬರೆಸಿಕೋ. ಆ ನೋಟ್‌ಬುಕ್ ಹಿಡಿದುಕೊಂಡೇ ಹೋಗು.

ಮುಂದಿನ ಕಾರ್ಯಕ್ರಮದ ತಾಳಮದ್ದಳೆಯವರು ಬಂದಾಯಿತು, ಮದ್ದಳೆಯ ಶ್ರುತಿ ಕೇಳಿಸ್ತಾ ಇದೆ. ಉಳಿದ ಪ್ರಶ್ನೆ ಇದ್ದವರು ಹೊರಗೆ ಚಾ ಕುಡಿಯುವಲ್ಲಿ ಸಿಗಿ, ನಾನು ಅಲ್ಲೇ ಇರುತ್ತೇನೆ.